ಗಿದ್ಯೋನ ಬರೆದ ಹೆಸರಿನ ಬಿಸ್ಕೀಟು

ಊರು ಯಾವುದು ಅಂತ ಕೇಳಬೇಡಿ. ಹೇಳಿದೆನೆಂದರೆ ಗದಗಿನ ಸುತ್ತಲಿನ ನಾಲ್ಕೂ ಊರಿನವರು “ಅಂವ ನಮ್ಮಾಂವ” ಅಂತ ಎದ್ದು ಬರುತ್ತಾರೆ, ಅಷ್ಟು ಅಕ್ಕರೆ ಅವನ ಮೇಲೆ. ನೇಕಾರರ ಊರು ಅಂತ ಇಟ್ಟುಕೊಳ್ಳಿ, ಹಗಲೆಲ್ಲ ಮಗ್ಗದ ಸದ್ದು. ಅಲ್ಲೊಂದು ಕ್ರಿಸ್ತರ ಓಣಿ, ಓಣಿಯ ತುದಿಗೆ ಚರ್ಚು, ಚರ್ಚಿನ ಎದುರಿಗೆ ಎಸ್ತೇರವ್ವನ ಮನೆ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇಬ್ಬರೇ: ಎಸ್ತೇರವ್ವ, ಮತ್ತು ಅವಳ ಒಬ್ಬನೇ ಮಗ ಗಿದ್ಯೋನ. ಮೂವತ್ತು ತುಂಬಿದ ಆಳು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕೂಸಿನಂಥ ಮನಸ್ಸು.

ಜನ ಅವನನ್ನು ಪೆದ್ದ ಅನ್ನುತ್ತಿದ್ದರು. ನನಗೆ ಒಪ್ಪಿಗೆಯಿಲ್ಲ. ನಾವು ನೀವು ಹತ್ತು ಮಾತು ಕೇಳಿ, ಬೇಕಾದ ಎರಡನ್ನು ಹಿಡಿದು, ಎಂಟನ್ನು ಗಾಳಿಗೆ ಬಿಡುತ್ತೇವೆ. ಅದಕ್ಕೆ ಜಾಣತನ ಅಂತ ಹೆಸರು. ಗಿದ್ಯೋನ ಹತ್ತನ್ನೂ ಹಿಡಿಯುತ್ತಿದ್ದ. ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಗಿದ್ಯೋನ ಹೂಂ ಅಂದನೆಂದರೆ ಹೂಂ.

ಆ ಓಣಿಯಲ್ಲಿ ಒಂದು ಪದ್ಧತಿ. ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಮಕ್ಕಳ ಹಬ್ಬ. ಅವತ್ತು ಓಣಿಯ ಪ್ರತಿ ಮಗುವಿಗೂ ಒಂದು ಬಿಸ್ಕೀಟು, ಬಿಸ್ಕೀಟಿನ ಮೇಲೆ ಐಸಿಂಗಿನಲ್ಲಿ ಆ ಮಗುವಿನ ಹೆಸರು. ಅಯ್ನೋರು, ಅಂದರೆ ಚರ್ಚಿನ ಪಾಸ್ಟರು, ಒಂದೊಂದೇ ಬಿಸ್ಕೀಟು ಎತ್ತಿ ಹಿಡಿದು ಮೇಲಿನ ಹೆಸರನ್ನು ಎಲ್ಲರೆದುರು ಓದಬೇಕು. ಮಗು ಎದ್ದು ಬಂದು ಎರಡೂ ಕೈಯೊಡ್ಡಿ ಇಸಕೊಳ್ಳಬೇಕು. ಹಾಳೆಯ ಮೇಲೆ ಹೆಸರಿರುವುದು ಬೇರೆ, ತಿನ್ನುವ ವಸ್ತುವಿನ ಮೇಲೆ ಹೆಸರಿರುವುದು ಬೇರೆ. ಆ ಮಕ್ಕಳ ಮುಖ ನೋಡಬೇಕು ನೀವು. ತಿನ್ನಲು ಮನಸ್ಸಾಗದೆ ವಾರಗಟ್ಟಲೆ ದಿಂಬಿನ ಬದಿಗಿಟ್ಟುಕೊಂಡು ಇರುವೆಗಳಿಗೆ ಹಬ್ಬ ಮಾಡಿಸಿದ ಮಕ್ಕಳಿದ್ದಾರೆ.

ಈ ಹೆಸರಿನ ಬಿಸ್ಕೀಟು ಎಸ್ತೇರವ್ವನ ಅಜ್ಜಿಯ ಕೈಯಿಂದ ತಾಯಿಗೆ, ತಾಯಿಯ ಕೈಯಿಂದ ಅವಳಿಗೆ ಬಂದ ಕೆಲಸ. ಏನು ಕೆಲಸ ಅಂತೀರಿ. ಸಕ್ಕರೆಯನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ತೆಳು ಅರಿವೆಯಲ್ಲಿ ಸೋಸಿ, ತತ್ತಿಯ ಬಿಳಿಗೆ ಬೆರೆಸಿ, ನಾಲ್ಕು ಹನಿ ಲಿಂಬಿ ಹಿಂಡಿ ಕಡೆದರೆ ಐಸಿಂಗು. ಅದನ್ನು ಎಣ್ಣೆಕಾಗದದ ಕೊಳವೆಗೆ ತುಂಬಿ, ತುದಿಯನ್ನು ಸೂಜಿಯಷ್ಟು ಕತ್ತರಿಸಿ, ಹಿಂಡುತ್ತ ಬರೆಯಬೇಕು. ಎಸ್ತೇರವ್ವ ಬರೆದ ಅಕ್ಷರ ದುಂಡು ಮಲ್ಲಿಗೆ ಮೊಗ್ಗು ಇಟ್ಟ ಹಾಗೆ ಕೂಡುತ್ತಿತ್ತು.

ಕೂಡುತ್ತಿತ್ತು ಅಂದೆ. ಈ ವರ್ಷ ದೀಪಾವಳಿಯ ಹೊತ್ತಿಗೆ ಅವಳ ಬಲಗೈ ನಡುಗಲು ಹತ್ತಿತು. ಒಂದು ದಿನ ಬಾಗಿಲು ಹಾಕಿಕೊಂಡು ಒಂದು ತಟ್ಟೆಯ ಮೇಲೆ ‘ಕೃಪಾ’ ಅಂತ ಬರೆದು ನೋಡಿದಳು. ಇರುವೆ ಮಸಿಯಲ್ಲಿ ಬಿದ್ದೆದ್ದು ನಡೆದ ಹಾಗೆ ಬಂತು. ತಟ್ಟೆ ತೊಳೆದಿಟ್ಟಳು. ಯಾರಿಗೂ ಹೇಳಲಿಲ್ಲ.

ಹೇಳುವಂತಿರಲಿಲ್ಲ. ಮಹಿಳಾ ಸಂಘದ ಅಧ್ಯಕ್ಷೆ ಲಿಡಿಯಾಬಾಯಿ ಹುಬ್ಬಳ್ಳಿಯಲ್ಲಿ ಹದಿನೈದು ದಿನ ಕೇಕಿನ ತರಬೇತಿ ಪಡೆದು, ಸ್ಟೀಲಿನ ನಳಿಕೆಗಳ ಡಬ್ಬಿಯನ್ನೇ ತಂದಿದ್ದಳು. ಎಸ್ತೇರವ್ವನ ಕೈ ನಡುಗುತ್ತದೆ ಅಂತ ತಿಳಿದರೆ ಯಾರೂ ಜಗಳ ಮಾಡುವುದಿಲ್ಲ. “ಪಾಪ, ಎಷ್ಟ ದುಡದಿ, ಇನ್ನ ಸಾಕು” ಅಂತ ಪ್ರೀತಿಯಿಂದಲೇ ಕಸಿದುಕೊಳ್ಳುತ್ತಾರೆ. ಮೂರು ತಲೆಮಾರಿನ ಕೆಲಸ, ಆ ಮನೆಯ ಹೊಸ್ತಿಲು ದಾಟಿ ಹೋಗಿಬಿಡುತ್ತದೆ.

ಎಸ್ತೇರವ್ವ ಮಗನ ಕೈ ನೋಡಿದಳು. ಬಂಡೆಗಲ್ಲಿನಂಥ ಕೈ, ಅಲುಗುವ ಮಾತೇ ಇಲ್ಲ. ಓಣಿಯ ಮುದುಕಿಯರಿಗೆಲ್ಲ ಒಂದೇ ಸಲಕ್ಕೆ ಸೂಜಿ ಪೋಣಿಸಿ ಕೊಡುವವನು ಅವನೇ. ಏಳನೇ ಇಯತ್ತೆ ತನಕ ಓದಿದ್ದ, ಅಕ್ಷರ ಮುತ್ತು.

“ಗಿದ್ಯಾ, ಈ ಸಲ ನೀನ ಬರೀಬೇಕು” ಅಂದಳು.

“ಹೂಂ” ಅಂದ.

ಮಂಗಳವಾರ ಶುರುವಾಯಿತು. ಮೊದಲು ತತ್ತಿ ತರಬೇಕಿತ್ತು. ಗಿದ್ಯೋನ ಒಂದು ಡಜನ್ ತತ್ತಿಯನ್ನು ಕೈಚೀಲಕ್ಕೆ ಹಾಕಿ, ಚೀಲವನ್ನು ಹಿಂದೆ ಮುಂದೆ ಬೀಸುತ್ತ, ಹಾಡು ಗುನುಗುತ್ತ ಬಂದ. ಮನೆಗೆ ಬರುವುದರೊಳಗೆ ಚೀಲದ ತಳದಿಂದ ಹಳದಿ ದಾರ ಇಳಿಯುತ್ತಿತ್ತು.

“ಲೇ ಹುಚ್ಚಪ್ಪಾ, ನಿನಗ ಬುದ್ಧಿ ಯಾವಾಗ ಬರತೈತಿ” ಅಂದಳು ತಾಯಿ. “ಇಂಥಾ ನಾಜೂಕಿನ ವಸ್ತು ಹಿಂಗ ತರ್ತಾರೇನು? ಎರಡೂ ಕೈಲೆ ಎದಿಗೆ ಅವಚಿಗೊಂಡು, ಕೂಸಿನ್ನ ಹಿಡದಂಗ ಹಿಡಕೊಂಡ ನಡೀಬೇಕು.”

“ಹೂಂ” ಅಂದ. ಹೂಂ ಅಂದರೆ ಹೂಂ.

ಬುಧವಾರ ಹಿಟ್ಟು ಸಿದ್ಧವಾಯಿತು. ಮೈದಾ, ತುಪ್ಪ, ಸಕ್ಕರೆ ಪುಡಿ ಹದವಾಗಿ ನಾದಿ, ಲಟ್ಟಿಸಿ, ತಗಡಿನ ಅಚ್ಚಿನಿಂದ ನಕ್ಷತ್ರ, ಗಂಟೆ, ಮೀನು ಅಂತ ಕತ್ತರಿಸಿ ತಗಡಿನ ಮೇಲೆ ಸಾಲಾಗಿ ಇಟ್ಟಳು. ಆ ಊರಲ್ಲಿ ಬಿಸ್ಕೀಟನ್ನು ಮನೆಯಲ್ಲಿ ಬೇಯಿಸುವುದಿಲ್ಲ. ಮನೆಯ ಹಿಟ್ಟನ್ನು ತಗಡಿನಲ್ಲಿ ಜೋಡಿಸಿ, ಪೇಟೆಯಲ್ಲಿ ಮೀರಾಸಾಬನ ಭಟ್ಟಿಗೆ ಒಯ್ಯುತ್ತಾರೆ. ಬೇಕರಿಯ ರೊಟ್ಟಿ ತೆಗೆದ ಮೇಲೆ ಉಳಿದ ಬಿಸಿಯಲ್ಲಿ ಆತ ಬೇಯಿಸಿ ಕೊಡುತ್ತಾನೆ. ಎಸ್ತೇರವ್ವ ಮಗನ ಕೈಗೆ ತಗಡು ಕೊಟ್ಟು ಕಳಿಸಿದಳು. ಮೀರಾಸಾಬ ಕತ್ತೆತ್ತಿ ನೋಡುತ್ತಾನೆ, ಭಟ್ಟಿಯ ಬಾಗಿಲಲ್ಲಿ ಗಿದ್ಯೋನ ನಿಂತಿದ್ದಾನೆ. ತಗಡು ಖಾಲಿ. ಅಂಗಿಯ ಮೇಲೆ ಹದಿನೆಂಟು ನಕ್ಷತ್ರ, ಒಂಬತ್ತು ಗಂಟೆ, ಜೇಬಿನ ಮೇಲೊಂದು ಮೀನು.

“ಏನ ಗಿದ್ಯೋನಪ್ಪ, ಅಂಗಿ ಬೇಯಿಸಬೇಕೋ, ನಿನ್ನನ್ನೂ ಕೂಡೇ ಬೇಯಿಸಬೇಕೋ?”

“ಎದಿಗೆ ಅವಚಿಗೊಂಡ ಬಾ ಅಂದಾಳ್ರಿ ನಮ್ಮವ್ವ.”

“ಅವಚಿಗೊಂಡೀ ಖರೆ. ಇನ್ನ ಬಿಡಿಸಿಗೊಳ್ಳೂದು ಹೆಂಗಂತ ಹೇಳ್ಯಾಳೇನು?”

ಹೇಳಿರಲಿಲ್ಲ. ಹಾಗೇ ವಾಪಸು ಬಂದ. ಎಸ್ತೇರವ್ವ ಮಗನನ್ನು ಅಂಗಳದಲ್ಲಿ ನಿಲ್ಲಿಸಿ ಒಂದೊಂದೇ ನಕ್ಷತ್ರ ಕೆರೆದು ತೆಗೆದಳು. “ಲೇ ಹುಚ್ಚಪ್ಪಾ, ನಿನಗ ಬುದ್ಧಿ ಯಾವಾಗ ಬರತೈತಿ. ತಗಡು ತಲಿಮ್ಯಾಲ ಇಟಗೊಂಡು ಹೋಗಬೇಕಪ್ಪ. ಬಿಸಲಿಗೆ ಹೋಗಬ್ಯಾಡ, ತುಪ್ಪ ಕರಗತೈತಿ. ನೆರಳ ಹಿಡದ ನಡಿ.”

“ಹೂಂ.”

ಮರುದಿನ ಹೊಸ ಹಿಟ್ಟು, ಹೊಸ ತಗಡು. ತಲೆಯ ಮೇಲೆ ಇಟ್ಟುಕೊಂಡು ಹೊರಟ. ನಡುಹಗಲು, ಓಣಿಯಲ್ಲಿ ಒಂದು ಗೇಣು ನೆರಳಿಲ್ಲ. ಗೋಡೆಗಳು ತಮ್ಮ ನೆರಳನ್ನು ತಾವೇ ತಿಂದು ನಿಂತ ಹೊತ್ತು. ಗಿದ್ಯೋನ ಮನೆಯ ಚಪ್ಪರದ ಅಂಚಿಗೆ ನಿಂತು ಕಾದ. ಅಷ್ಟರಲ್ಲಿ ಬೆಟ್ಟದಷ್ಟು ಮೇವು ಹೇರಿಕೊಂಡು ಒಂದು ಚಕ್ಕಡಿ ಬಂತು. ಹೊರಚಾಚಿದ ಮೇವಿನ ಕೆಳಗೆ ಒಬ್ಬ ಹಿಡಿಯುವಷ್ಟು ಗಟ್ಟಿ ನೆರಳು. ಗಿದ್ಯೋನ ಅದರೊಳಗೆ ಹೆಜ್ಜೆಯಿಟ್ಟ. ಚಕ್ಕಡಿ ನಡೆಯಿತು, ನೆರಳು ನಡೆಯಿತು, ಗಿದ್ಯೋನ ನಡೆದ. ಪೇಟೆ ಬಂತು, ಪೇಟೆ ಹೋಯಿತು. ಮೀರಾಸಾಬನ ಭಟ್ಟಿ ರಸ್ತೆಯ ಆಚೆ ಮಗ್ಗುಲಿಗೆ ಬಿಸಿಲಲ್ಲಿ ಇತ್ತು, ಅಲ್ಲಿಗೆ ಹೇಗೆ ಹೋದಾನು? ಮುಂದಿನ ಊರಿನ ಕೆರೆ ದಂಡೆಗೆ ಚಕ್ಕಡಿ ನಿಂತಾಗ ಹೊಡೆಯುವವನು ತಿರುಗಿ ನೋಡಿದ.

“ಅಲ್ಲೋ ಅಣ್ಣ, ಆರು ಮೈಲಿನಿಂದ ನೋಡಾಕತ್ತೀನಿ. ನನ್ನ ಬೆನ್ನ ಯಾಕ ಬಿದ್ದೀದಿ?”

“ನಿಮ್ಮ ಬೆನ್ನಲ್ರಿ. ನಿಮ್ಮ ನೆರಳಿನ ಬೆನ್ನ.”

“ಎಲ್ಲಿಗೆ ಹೋಗಬೇಕು?”

“ನಮ್ಮೂರ ಭಟ್ಟಿಗೆ.”

ಚಕ್ಕಡಿಯವನು ಪುಣ್ಯವಂತ. ಮೇವು ಇಳಿಸಿ, ಗಿದ್ಯೋನನನ್ನೂ ತಗಡನ್ನೂ ಕೂಡಿಸಿಕೊಂಡು ಮನೆಗೆ ತಂದು ಬಿಟ್ಟ. ತಗಡಿನ ಮೇಲಿನ ಹಿಟ್ಟು, ನೀವು ನಂಬಬೇಕು, ಒಂದಿಷ್ಟೂ ಕರಗಿರಲಿಲ್ಲ.

ಎಸ್ತೇರವ್ವ ಹಣೆಗೆ ಕೈಯಿಟ್ಟುಕೊಂಡಳು, ನಡುಗುವ ಕೈ. “ಲೇ ಹುಚ್ಚಪ್ಪಾ, ನಿನಗ ಬುದ್ಧಿ ಯಾವಾಗ ಬರತೈತಿ. ನಾಳೆ ಶುಕ್ರವಾರ ಅಲ್ಲೇನೋ. ನೆರಳೂ ಬ್ಯಾಡ ಗಿರಳೂ ಬ್ಯಾಡ. ಮುಂಜಾನೆ ತಂಪಿನ್ಯಾಗ ನೆಟ್ಟಗ ಭಟ್ಟಿಗೆ ಹೋಗು. ಬಿಸ್ಕೀಟಿನ ಮ್ಯಾಲಿನ ಕಣ್ಣ ತಗೀಬ್ಯಾಡ. ಯಾರ ಕರದ್ರೂ ತಿರುಗಿ ನೋಡಬ್ಯಾಡ.”

“ಹೂಂ.”

ಶುಕ್ರವಾರ ಗಿದ್ಯೋನ ಭಟ್ಟಿಯ ಬಾಯಿಗೆ ಕುಕ್ಕರಗಾಲಲ್ಲಿ ಕೂತ. ಮೀನಿಗೆ ಕಾದ ಬೆಳ್ಳಕ್ಕಿಯ ಹಾಗೆ ಕೂತ. ಅಷ್ಟೊತ್ತಿಗೆ ಲಿಡಿಯಾಬಾಯಿಯೂ ತನ್ನ ಮನೆಯ ತಗಡು ಹಿಡಿದು ಬಂದಳು.

“ಗಿದ್ಯಾ, ನಿಮ್ಮವ್ವ ಯಾಕ ಬರಲಿಲ್ಲೋ? ಪ್ರತಿ ವರ್ಷ ತಾನ ನಿಂತು ಬೇಯಿಸ್ತಿದ್ಲು.”

“ಬಿಸ್ಕೀಟ ನೋಡಾಕತ್ತೀನ್ರಿ.”

“ಆರಾಮ ಅದಾಳಿಲ್ಲೋ?”

“ಬಿಸ್ಕೀಟ ನೋಡಾಕತ್ತೀನ್ರಿ.”

“ಹೆಂಗಸರ ಕಡೆ ಮಾರಿ ತಿರುವಿ ಮಾತಾಡಿದ್ರ ಪಾಪ ಬರಂಗಿಲ್ಲೋ.”

“ಬಿಸ್ಕೀಟ ನೋಡಾಕತ್ತೀನ್ರಿ ಬಾಯಾರ.”

ಹೊಂಬಣ್ಣ ಬಂದ ಗಳಿಗೆಗೆ ಸರಿಯಾಗಿ “ತಗೀರಿ” ಅಂದ. ಮೀರಾಸಾಬ ತಗಡು ಎಳೆದು ನೋಡಿ ಬೆರಗಾದ. ನಲವತ್ತು ವರ್ಷದ ಭಟ್ಟಿಯಲ್ಲಿ ಅಂಥ ಒಂದೇ ಬಣ್ಣದ ಎಪ್ಪತ್ತು ಬಿಸ್ಕೀಟು ಅವನು ತೆಗೆದಿರಲಿಲ್ಲ. “ನಾಳಿಂದ ಕೆಲಸಕ್ಕ ಬರ್ತೀಯೇನಪ್ಪ?” ಅಂತ ಕೇಳಿಯೇ ಕೇಳಿದ. ಗಿದ್ಯೋನ ತಿರುಗಿ ನೋಡಲಿಲ್ಲ. ಬಿಸ್ಕೀಟಿನ ಮೇಲಿನ ಕಣ್ಣು ತೆಗೆಯಬೇಡ ಅಂದಿದ್ದಳಲ್ಲ, ತಗಡನ್ನು ಮೂಗಿನ ಕೆಳಗೆ ಹಿಡಿದು, ಅದನ್ನೇ ನೋಡುತ್ತ ಮನೆಯ ಕಡೆ ನಡೆದ. ನೋಡುತ್ತ ನೋಡುತ್ತ ನೇಕಾರ ಈರಪ್ಪನ ಮನೆ ಹೊಕ್ಕ. ನೋಡುತ್ತ ನೋಡುತ್ತ ಅವನ ಮಗ್ಗದ ಕುಣಿಗೆ ಇಳಿದ. ಕಾಲು ಇಳಿಬಿಟ್ಟು ನೇಯುತ್ತಿದ್ದ ಈರಪ್ಪನ ಮಗ್ಗುಲಿಗೆ ಧೊಪ್ಪನೆ ಕೂತ.

“ಬಾರಪಾ” ಅಂದ ಈರಪ್ಪ. “ಕೆಲಸ ಕಲೀಯಾಕ ಬಂದ್ಯೋ, ಬಿಸ್ಕೀಟ ತಿನಸಾಕ ಬಂದ್ಯೋ?”

ಒಂದೇ ಒಂದು ಬಿಸ್ಕೀಟು ಮುಕ್ಕಾಗಿರಲಿಲ್ಲ. ಬಿದ್ದವನು ತಗಡನ್ನು ಬೀಳಿಸದಿರುವುದು ಎಷ್ಟು ಜನರಿಂದ ಆದೀತು?

ಮನೆಯಲ್ಲಿ ಎಸ್ತೇರವ್ವ ಬಿಸ್ಕೀಟು ನೋಡಿ ಹಿಗ್ಗಿದಳು. ಲಿಡಿಯಾಬಾಯಿ ಕೇಳಿದ್ದನ್ನು ಮಗ ಹೇಳಿದ ಮೇಲೆ ಕುಗ್ಗಿದಳು.

“ನೀ ಏನ ಹೇಳಿದಿ?”

“ಬಿಸ್ಕೀಟ ನೋಡಾಕತ್ತೀನಿ ಅಂದೆ.”

“ಭಾಳ ಚಲೋ ಆತು. ಇನ್ನ ಅದನ್ನೂ ಅನಬ್ಯಾಡ. ಈ ಬಿಸ್ಕೀಟಿನ ವಿಷಯ ಏನಾದ್ರೂ ಯಾರ ಮುಂದನೂ ಬಾಯಿ ಬಿಡಬ್ಯಾಡ.”

“ಹೂಂ.”

ಮಧ್ಯಾಹ್ನ ಐಸಿಂಗು ಕಡೆದು ಕೊಳವೆ ತುಂಬಿ ಅವನ ಕೈಗೆ ಕೊಟ್ಟಳು. “ಸಾವಕಾಶ ಹಿಂಡು. ನಡಬರಕ ಕೈ ಎತ್ತಬ್ಯಾಡ, ಗೆರಿ ಹರೀತೈತಿ” ಅಂದಳು. ಗಿದ್ಯೋನ ಕೈ ಎತ್ತಲಿಲ್ಲ. ‘ಸು’ ಅಂತ ಬರೆದ, ಅಲ್ಲಿಂದ ಬಿಸ್ಕೀಟಿನ ಅಂಚು, ಅಂಚಿನಿಂದ ತಗಡು, ತಗಡಿನಿಂದ ಮಣೆ, ಮಣೆಯಿಂದ ನೆಲ. ಬಿಳಿಯ ಗೆರೆ ಎಲ್ಲಿಯೂ ಹರಿಯದೆ ಹೊಸ್ತಿಲಿನ ತನಕ ಹೋಯಿತು. ಕೊಳವೆ ಖಾಲಿಯಾದದ್ದಕ್ಕೆ ನಿಂತಿತು. ಅಷ್ಟು ಸಮನಾದ ಗೆರೆ, ದಾರ ಹಿಡಿದು ಎಳೆದ ಹಾಗೆ. ಎಸ್ತೇರವ್ವ ಬೈಯಲು ಬಾಯಿ ತೆರೆದವಳು ಒಂದು ಗಳಿಗೆ ಅದನ್ನು ನೋಡುತ್ತ ನಿಂತಳು. ಆಮೇಲೆ ಬೈದಳು.

“ಲೇ ಹುಚ್ಚಪ್ಪಾ. ಅಕ್ಷರಕ್ಕೊಮ್ಮೆ ಎತ್ತು. ನಿನ್ನ ಬುದ್ಧಿ ಒಂಚೂರೂ ಹಚ್ಚಬ್ಯಾಡ. ನಾ ಹೇಳಿದ್ದನ್ನ ಹೇಳಿದಂಗ ಬರಿ. ಒಂದ ಬಿಸ್ಕೀಟಿಗೆ ಒಂದ ಮಾತು. ಒಂದಕ್ಷರ ಬಿಡ್ಬ್ಯಾಡ, ಒಂದಕ್ಷರ ಕೂಡಸಬ್ಯಾಡ.”

“ಹೂಂ.”

“ಸುಗುಣಾ” ಅಂದಳು. ಬರೆದ. “ಅಬ್ನೇರ.” ಬರೆದ. “ಕೃಪಾ.” ಬರೆದ. ಎಸ್ತೇರವ್ವ ಬಗ್ಗಿ ನೋಡಿದಳು. ದುಂಡು ಮೊಗ್ಗು. ತನ್ನ ತಾಯಿಯ ಕೈಯ ಅಕ್ಷರ, ತನ್ನ ಒಳ್ಳೆಯ ದಿನಗಳ ಕೈಯ ಅಕ್ಷರ, ಈಗ ಈ ಬಂಡೆಯಂಥ ಬೆರಳುಗಳಿಂದ ಇಳಿಯುತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನ್ನು ನೋಡುವುದೇನಿದೆ ಅಂತ ಒಲೆಯ ಮುಂದೆ ಕೂತು, ಮಗನಿಗೆ ಬೆನ್ನು ಮಾಡಿ, ಕರಚಿಕಾಯಿ ಕರಿಯುತ್ತ ಹೆಸರು ಹೇಳತೊಡಗಿದಳು. ಐವತ್ತಾರು ಮಕ್ಕಳ ಹೆಸರೂ ಅವಳಿಗೆ ಬಾಯಿಪಾಠ.

“ಯೋನಾತಾನ… ಬರದ್ಯಾ?”

“ಬರದೆ.”

“ತಡಿ, ಎಣ್ಣಿ ಉಕ್ಕಾಕತ್ತೈತಿ… ಹಾಂ. ಸಮುವೇಲ. ಇವರಪ್ಪ ಹೋದ ವರ್ಷ ಮಗನ ಬಿಸ್ಕೀಟಿನ್ಯಾಗ ಅರ್ಧಾ ತಿಂದಾನ, ನಾಚಿಕಿಲ್ಲದಾಂವ. ರೆಬೆಕ್ಕಾ. ಬರದ್ಯಾ?”

“ಬರದೆ.”

“ಎಲೀಷ. ಅಯ್ನೋರ ಪ್ರಸಂಗ ಮುಗ್ಯೂದ್ರಾಗ ಇವು ಮೆತ್ತಗಾಗತಾವೇನೋ. ಮಿಲ್ಕಾ. ಯವ್ವಾ, ನನ್ನ ಸೊಂಟಾ. ಸಿಲ್ವಾನ. ಈ ಬೆಕ್ಕ ಮತ್ತ ಹಾಲಿಗೆ ಬಂತ ನೋಡು…”

ಹೀಗೇ ಹೊತ್ತು ಇಳಿಯುವ ತನಕ ನಡೆಯಿತು. ಕೊನೆಕೊನೆಗೆ ಕೈಯೊಳಗಿನ ಸೌಟು ಕಡಾಯಿಯ ಅಂಚಿಗೆ ಕಟಕಟ ಬಡಿಯತೊಡಗಿತು. ಎಸ್ತೇರವ್ವ ಅದನ್ನು ಕೆಳಗಿಟ್ಟು, ತನಗೆ ತಾನೇ ಅನ್ನುವ ಹಾಗೆ ಒಂದು ಮಾತು ಅಂದಳು. “ನನ್ನ ಕೈ ನಡಗೂದು ಲಿಡಿಯಾಬಾಯಿಗೆ ಗೊತ್ತಾಗಬಾರದು.” ಆಮೇಲೆ ಮಗನಿಗೆ ಕೇಳಿದಳು: “ಎಲ್ಲಾ ಆದುವೇನು?”

“ಆದುವು. ಒಂದ ಉಳದೈತಿ.”

“ಒಂದ? ಭಾಳ ಉಳೀಬೇಕಿತ್ತಲ್ಲೋ. ತಿಂದ್ಯಾ? ಲೇ ಹುಚ್ಚಪ್ಪಾ, ನಿನಗ ಬುದ್ಧಿ ಯಾವಾಗ ಬರತೈತಿ.”

“ತಿಂದಿಲ್ಲಬೇ” ಅಂದ ಗಿದ್ಯೋನ, ಕೊಳವೆ ಹಿಂಡುತ್ತ. “ಈಗ ಒಂದೂ ಉಳದಿಲ್ಲ.”

ತಾಯಿಗೆ ತಲೆ ಸುತ್ತು ಬಂದಷ್ಟು ದಣಿವು. ಅರಿವೆ ಮುಚ್ಚಿ ಆರಲು ಬಿಟ್ಟು ಹೋಗಿ ಮಲಗಿದಳು.

ಶನಿವಾರ ಗಿದ್ಯೋನ ಬರೆದ ಸಾಲಿನಲ್ಲೇ ಡಬ್ಬಿಗೆ ತುಂಬಿದ, ಮೊದಲು ಬರೆದದ್ದು ಮೇಲೆ ಬರುವ ಹಾಗೆ. ಎಸ್ತೇರವ್ವ ಮುಚ್ಚಳ ತೆರೆದು ನೋಡಿದಳು. ಸುಗುಣಾ, ಅಬ್ನೇರ, ಕೃಪಾ. ಮುಚ್ಚಿದಳು. ಆಗ ಅವನ ಜೇಬಿನಿಂದ ಪುಡಿ ಉದುರುವುದು ಕಂಡಿತು. ಜೇಬಿನಲ್ಲಿ ಎರಡು ತುಂಡಾದ ‘ಮಿಲ್ಕಾ’.

“ಇದ ಯಾವಾಗ ಒಡೀತು?”

ಗಿದ್ಯೋನ ತುಟಿ ಬಿಗಿದುಕೊಂಡ.

“ಬಾಯಿ ಬಿಡೋ.”

“ಯಾರ ಮುಂದನೂ ಬಿಡಬ್ಯಾಡ ಅಂದಿದ್ದಿ.”

ಎಸ್ತೇರವ್ವ ನಿಟ್ಟುಸಿರು ಬಿಟ್ಟಳು. ಹಿಂದಿನ ದಿನದ ಐಸಿಂಗು ಒಂಚೂರು ಬಟ್ಟಲಿನಲ್ಲಿ ಉಳಿದಿತ್ತು, ಅದರಿಂದಲೇ ಮಿಲ್ಕಾಳ ಎರಡು ತುಂಡು ಅಂಟಿಸಿದಳು. “ಕೇಳು. ಒಡದದ್ದನ್ನ ಬಚ್ಚಿಡಬಾರದು. ಕರದಾಗ ತನ್ನ ಹೆಸರ ಬರಲಿಲ್ಲಂದ್ರ ಆ ಕೂಸಿನ ಎದಿ ಒಡೀತೈತಿ. ನಾಳೆ ಚರ್ಚಿನ್ಯಾಗ ಯಾವುದಾದ್ರೂ ಒಡದೈತಿ ಅಂದ್ರ, ಅದರ ಮ್ಯಾಲ ಏನ ಬರದಿತ್ತು ಅಂತ ಎದ್ದ ನಿಂತು ಎಲ್ಲಾರಿಗೂ ಕೇಳೂವಂಗ ಹೇಳಬೇಕು. ತಿಳೀತಾ?”

“ಹೂಂ” ಅಂದ.

ಭಾನುವಾರ ಚರ್ಚು ತುಂಬಿತ್ತು. ಮುಂದಿನ ಚಾಪೆಯ ಮೇಲೆ ಮಕ್ಕಳು, ಹಿಂದೆ ಹೆಂಗಸರು, ಗೋಡೆಗೆ ಗಂಡಸರು. ಅಯ್ನೋರ ಪ್ರಸಂಗ, ಅಂದರೆ ಉಪದೇಶ, ಮುಗಿಯಿತು. ಲಿಡಿಯಾಬಾಯಿ ಡಬ್ಬಿ ಹಿಡಿದು ನಿಂತು ಒಂದೊಂದೇ ಬಿಸ್ಕೀಟು ತೆಗೆದು ಕೊಡುವುದು, ಅಯ್ನೋರು ಓದುವುದು. ಅಯ್ನೋರಿಗೆ ಕಣ್ಣು ಮಂದ, ದನಿ ಮಾತ್ರ ಗಂಟೆ. ಬಿಸ್ಕೀಟನ್ನು ಮೂಗಿಗೆ ಹಿಡಿದು ಅಕ್ಷರ ಕೂಡಿಸಿ ಓದುತ್ತಾರೆ, ಓದಿ ಮುಗಿದ ಮೇಲೆ ಅರ್ಥಕ್ಕೆ ಹೋಗುತ್ತಾರೆ.

“ಸುಗುಣಾ.” ಸುಗುಣಾ ಬಂದಳು.

“ಅಬ್ನೇರ.” ಅಬ್ನೇರ ಬಂದ. ಕೃಪಾ, ಯೋನಾತಾನ. ಎಂಥ ಅಕ್ಷರ ಅಂತ ಹೆಂಗಸರು ಮಕ್ಕಳ ಕೈ ಹಿಡಿದು ಹಿಡಿದು ನೋಡಿದರು. ಎಸ್ತೇರವ್ವ ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು.

“ತಡಿ, ಎಣ್ಣಿ ಉಕ್ಕಾಕತ್ತೈತಿ” ಅಂದರು ಅಯ್ನೋರು.

ಯಾರೂ ಏಳಲಿಲ್ಲ. ಅಯ್ನೋರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಕರೆದರು. “ತಡಿ, ಎಣ್ಣಿ ಉಕ್ಕಾಕತ್ತೈತಿ. ಯಾರ ಕೂಸು ಇದು?”

“ಹೊಸದಾಗಿ ಬಂದ ಮನೀಯವರದ ಇರಬೇಕ್ರಿ” ಅಂತ ಗೋಡೆಯ ಕಡೆಯಿಂದ ಒಂದು ದನಿ.

ಅದು ಒಲೆಯ ಮುಂದೆ ತಾನೇ ಆಡಿದ ಮಾತು ಅಂತ ಎಸ್ತೇರವ್ವನಿಗೆ ಹೊಳೆಯಿತು. ಅಯ್ನೋರು ಆ ಬಿಸ್ಕೀಟು ಬದಿಗಿಟ್ಟು ಮುಂದಿನದಕ್ಕೆ ಹೋದರು. “ಸಮುವೇಲ.” ಹುಡುಗ ಬಂದ. “ಇವರಪ್ಪ ಹೋದ ವರ್ಷ ಮಗನ ಬಿಸ್ಕೀಟಿನ್ಯಾಗ ಅರ್ಧಾ ತಿಂದಾನ, ನಾಚಿಕಿಲ್ಲದಾಂವ.” ಸಮುವೇಲನ ಅಪ್ಪ ಹಾಡಿನ ಪುಸ್ತಕ ಮುಖಕ್ಕೆ ಹಿಡಿದ. “ರೆಬೆಕ್ಕಾ. ಎಲೀಷ. ಅಯ್ನೋರ ಪ್ರಸಂಗ ಮುಗ್ಯೂದ್ರಾಗ ಇವು ಮೆತ್ತಗಾಗತಾವೇನೋ.” ಇದನ್ನು ಅಯ್ನೋರು ಪೂರ್ತಿ ಓದಿ, ಅರ್ಥಕ್ಕೆ ಹೋಗಿ, ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು. “ಇನ್ನೂ ಗರಿಗರಿ ಅದಾವು” ಅಂದರು. ಚರ್ಚಿಗೆ ಚರ್ಚೇ ನಕ್ಕಿತು.

ಎಸ್ತೇರವ್ವ ನಗಲಿಲ್ಲ. ಒಲೆಯ ಮುಂದೆ ತಾನು ಆಡಿದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಿದ್ದಳು. ಸೊಂಟದ ಮಾತು ಬಂತು, ಹೋಯಿತು. ಬೆಕ್ಕಿನ ಮಾತು ಬಂತು, ಹೋಯಿತು. ಬರಬೇಕಾದ ಮಾತೊಂದು ಡಬ್ಬಿಯ ತಳದಲ್ಲಿತ್ತು. ಎದ್ದು ಹೋಗಿ ಡಬ್ಬಿ ಕಸಿದುಕೊಳ್ಳಬೇಕೆಂದರೆ ಕೈ ಸೆರಗಿನಿಂದ ಹೊರಗೆ ಬರಬೇಕು. ಕೂತಳು.

ಮಕ್ಕಳೆಲ್ಲ ಮುಗಿದು ಡಬ್ಬಿಯಲ್ಲಿ ಎರಡೇ ಉಳಿದವು. ಲಿಡಿಯಾಬಾಯಿ ಗಂಟೆಯಾಕಾರದ ಒಂದನ್ನು ತೆಗೆದಳು. ಅದರ ಮೇಲೆ ಮೂರು ಸಾಲು ಸಣ್ಣ ಮುತ್ತು. ಕೊಡಲು ಕೈ ಚಾಚಿದವಳು, ತನ್ನ ಹೆಸರು ಕಂಡು ನಿಂತಳು. ಓದಿದಳು. ಎಸ್ತೇರವ್ವನ ಕಡೆಗೆ ಒಮ್ಮೆ ನೋಡಿದಳು. ಆಮೇಲೆ ಆ ಇಡೀ ಬಿಸ್ಕೀಟನ್ನು ಬಾಯಿಗೆ ಹಾಕಿಕೊಂಡಳು.

“ಏನದು ಬಾಯಾರ?” ಅಂದರು ಅಯ್ನೋರು.

“ಒಡದಿತ್ರಿ” ಅಂದಳು ಲಿಡಿಯಾಬಾಯಿ, ತುಂಬಿದ ಬಾಯಲ್ಲಿ.

ಒಡೆದಿತ್ತು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಗೋಡೆಯ ಕಡೆಯಿಂದ ಗಿದ್ಯೋನ ಎದ್ದು ನಿಂತ. ಚರ್ಚಿನ ಕೊನೆಯ ಚಾಪೆಗೂ ಕೇಳುವ ಹಾಗೆ ಹೇಳಿದ:

“ಅದರ ಮ್ಯಾಲ, ನನ್ನ ಕೈ ನಡಗೂದು ಲಿಡಿಯಾಬಾಯಿಗೆ ಗೊತ್ತಾಗಬಾರದು, ಅಂತ ಬರದಿತ್ರಿ. ನಮ್ಮವ್ವ ಹೇಳಿದ್ದು.”

ಎಲ್ಲರ ಕಣ್ಣೂ ಎಸ್ತೇರವ್ವನ ಕಡೆ ತಿರುಗಿದವು. ಲಿಡಿಯಾಬಾಯಿ ಅವಸರವಿಲ್ಲದೆ ಅಗಿದು ನುಂಗಿದಳು.

“ಎಸ್ತೇರಕ್ಕಾ” ಅಂದಳು. “ಲಿಡಿಯಾಬಾಯಿಗೆ ಗೊತ್ತಿಲ್ಲಂತ ನಿನಗ್ಯಾರ ಹೇಳಿದ್ರು? ದೀಪಾವಳಿ ಮುಂದ ಸಂಘದ ಚಹಾಕ್ಕ ಬಂದಾಗ ನಿನ್ನ ಕಪ್ಪು-ಬಸಿ ಎಷ್ಟ ಸಪ್ಪಳ ಮಾಡ್ತು, ಕಿವುಡರಿಗೂ ಕೇಳಿರಬೇಕು. ನೀನ ಬಂದು ಹೇಳ್ತಿ ಅಂತ ನಾ ಕಾದೆ. ನೀ ಬರಲಿಲ್ಲ. ಭಟ್ಟಿಗೆ ಬಂದ ನಿನ್ನ ಮಗನ್ನ ಕೇಳಿದೆ. ಅಂವ ಬಿಸ್ಕೀಟ ನೋಡಾಕತ್ತಿದ್ದ.”

ಎಸ್ತೇರವ್ವನ ಕೈ ಸೆರಗಿನಿಂದ ಹೊರಗೆ ಬಂತು. ನಡುಗುತ್ತಿತ್ತು. ನಡುಗಲಿ ಅಂತ ಬಿಟ್ಟಳು.

“ಬರೂ ವರ್ಷಕ್ಕ ನೀನ ಮಾಡವಾ” ಅಂದಳು. “ನಿನ್ನ ಕಡೆ ಸ್ಟೀಲಿನ ನಳಿಕಿ ಅದಾವು.”

“ನಳಿಕಿ ಸುಡ್ಲಿ. ನನ್ನ ಅಕ್ಷರ ಕೋಳಿ ಕೆದರಿದಂಗ ಬರತೈತಿ, ಹುಬ್ಬಳ್ಳಿಯವರೂ ಅದನ್ನ ಹೇಳಿ ಕಳಿಸ್ಯಾರ.” ಲಿಡಿಯಾಬಾಯಿ ಸಮುವೇಲನ ಕೈಯ ಬಿಸ್ಕೀಟು ಎತ್ತಿ ಎಲ್ಲರಿಗೂ ತೋರಿಸಿದಳು. “ಇಂಥಾ ಕೈ ಆ ಮನಿಯಾಗ ಇರೂತನಕ ಈ ಕೆಲಸ ಆ ಮನೀದ. ಗಿದ್ಯಾ ಬರೀಲಿ, ನೀ ಹೆಸರ ಹೇಳು. ನಾ ಬಾಜೂಕ ಕೂತು ಕರಚಿಕಾಯಿ ಕರೀತೀನಿ, ನಿನ್ನ ಬಾಯಿ ಹೆಸರ ಬಿಟ್ಟ ಬ್ಯಾರೆ ಕಡೆ ಹೋಗದಂಗ.”

“ಇನ್ನೊಂದು ಐತಿ” ಅಂದರು ಅಯ್ನೋರು. ಕೊನೆಯ ಬಿಸ್ಕೀಟು ಅವರ ಮೂಗಿನ ಹತ್ತಿರ ಇತ್ತು. ಅಕ್ಷರ ಕೂಡಿಸಿ ಓದಿದರು. “ಲೇ ಹುಚ್ಚಪ್ಪಾ, ನಿನಗ ಬುದ್ಧಿ ಯಾವಾಗ ಬರತೈತಿ.”

ಈ ಸಲ ಯಾರೂ ನಗಲಿಲ್ಲ. ಎಸ್ತೇರವ್ವ ತಲೆ ತಗ್ಗಿಸಿದಳು. ಗಿದ್ಯೋನ ಮಾತ್ರ ಮುಖ ಅರಳಿಸಿಕೊಂಡು ಮಕ್ಕಳ ಸಾಲು ದಾಟಿ ಬಂದು, ಎರಡೂ ಕೈಯೊಡ್ಡಿದ.

“ನಂದ್ರಿ ಅದು” ಅಂದ.

ಇಸಕೊಂಡು ತಾಯಿಯ ಹತ್ತಿರ ಬಂದು ಕೂತ. ಅರ್ಧ ಮುರಿದು ಅವಳಿಗೆ ಕೊಟ್ಟ. ಆಮೇಲೆ ಏನೋ ನೆನಪಾಗಿ ಕೇಳಿದ: “ಎಲ್ಲಾರ ಹೆಸರೂ ಬಂತಬೇ, ನಿಂದೊಂದ ಬರಲಿಲ್ಲ. ನಿನಗೊಂದು ಬ್ಯಾರೆ ಮಾಡ್ತೀನಿ. ಏನ ಬರೀಲಿ?”

ಅವಳು ಮಗನ ತಲೆ ಸವರಿದಳು. “ಏನೂ ಬರೀಬ್ಯಾಡ, ಮಗನ” ಅಂದಳು.

“ಹೂಂ” ಅಂದ.

ಕ್ರಿಸ್ಮಸ್ ದಿನ ಬೆಳಗ್ಗೆ ಎಸ್ತೇರವ್ವ ಎದ್ದು ಒಲೆಯ ಹತ್ತಿರ ಬಂದರೆ, ಅವಳ ಚಹಾದ ಬಸಿಯ ಮೇಲೆ ಒಂದು ದೊಡ್ಡ ನಕ್ಷತ್ರದ ಬಿಸ್ಕೀಟು. ಸುತ್ತಲೂ ಬೀಟ್‌ರೂಟಿನ ಕೆಂಪು ಅಂಚು, ಮೂಲೆಗೊಂದು ಹೂವು, ನಡುವೆ ಒಂದಕ್ಷರ ಬಿಡದೆ, ಒಂದಕ್ಷರ ಕೂಡಿಸದೆ, ದುಂಡು ಮಲ್ಲಿಗೆ ಮೊಗ್ಗಿನಂಥ ಬರಹ:

‘ಏನೂ ಬರೀಬ್ಯಾಡ, ಮಗನ.’